ಎರಡು ಕೈಗವಸು

ಬೆಟ್ಟದ ಮೇಲೆ ನಮ್ಮ ಪ್ರಯೋಗಶಾಲೆ. ಕೆಳಗೆ ಬಾತ್ ಊರು,
ಜೇನುಬಣ್ಣದ ಕಲ್ಲು, ಹೊಳೆ, ಹೊಳೆಯ ಪಕ್ಕ ರೈಲು.
ಏಳೂ ಹತ್ತರ ಬಸ್ಸು ಏದುಸಿರು ಬಿಡುತ್ತ ಹತ್ತುವಾಗಲೂ
ನನ್ನ ಬೆರಳಲ್ಲಿ ನಿನ್ನೆಯ ನೈಟ್ರೈಲಿನ ವಾಸನೆ,
ಸೋಪಿಗೂ ಬಗ್ಗದೆ.

ಮೂರು ವರ್ಷದಿಂದ ಮಾಡುತ್ತಿರುವುದು ಇಷ್ಟೇ:
ಕಿತ್ತಳೆ ಸಿಪ್ಪೆಯ ಎಣ್ಣೆಯಿಂದ ಒಂದು ಪ್ಲಾಸ್ಟಿಕ್ಕು.
ಬಳಸುವ ತನಕ ಗಟ್ಟಿ ಇರಬೇಕು,
ಬಳಸಿದ ಮೇಲೆ ಹೇಳದೆ ಕೇಳದೆ ಮಣ್ಣಾಗಬೇಕು.
ಮೊದಲ ವರ್ಷ ಗಟ್ಟಿಯೇ ಆಗಲಿಲ್ಲ.
ಎರಡನೆಯ ವರ್ಷದಿಂದ ಮಣ್ಣಾಗಲೊಲ್ಲದು.

ನಮ್ಮ ವೇಗವರ್ಧಕಕ್ಕೆ ಮಹಾ ಮಡಿ.
ಗಾಳಿ ಸೋಕಬಾರದು, ನೀರಿನ ನೆರಳೂ ಬೀಳಬಾರದು,
ಗಾಜಿನ ಪೆಟ್ಟಿಗೆಯಲ್ಲಿ ಆರ್ಗಾನು ಹೊದ್ದು ಕೂತಿರುತ್ತದೆ.
ಮೈಲಿಗೆಯಾದರೆ ಸ್ನಾನದ ದಾರಿಯೂ ಇಲ್ಲ:
ಹಳದಿ ಹೋಗಿ ಕಂದು, ಒಂದು ವಾರದ ಕೆಲಸ ಚರಂಡಿಗೆ.
(ಚರಂಡಿಗೂ ಹಾಕುವಂತಿಲ್ಲ. ಅದಕ್ಕೆ ಬೇರೆಯೇ ಡಬ್ಬಿ, ಬೇರೆಯೇ ಚೀಟಿ.)

ಶಾಲೆಯ ಮಕ್ಕಳು ನೋಡಲು ಬಂದಾಗ ಹೆಪ್ಪು ಎಂದು ವಿವರಿಸಿದ್ದೆ:
ಒಂದು ಚಮಚ ಸಾಕು, ಪಾತ್ರೆಯ ಹಾಲೆಲ್ಲ ಮೊಸರು.
ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು.
ಹೆಪ್ಪು ಮೊಸರಲ್ಲೇ ಸೇರಿಹೋಯಿತಲ್ಲ,
ನಿಮ್ಮದು ಇದ್ದ ಹಾಗೇ ವಾಪಸು ಬರುತ್ತೆ ಅಂದಿರಿ?
ಹೌದಲ್ಲ.

ಗ್ಲೆನಿಸ್ ರಾತ್ರಿ ಎಂಟಕ್ಕೆ ಕಸ ಒಯ್ಯಲು ಬರುವವಳು.
ಚೀಲ ಎತ್ತಿ, ಸೊಂಟ ಹಿಡಿದುಕೊಂಡು ಕೇಳಿದಳು:
"ಬಾಗಿಲ ಮೇಲೆ ಸುಸ್ಥಿರ ಅಂತ ಬರೆದಿದೆ.
ದಿನಾ ಮೂರು ಚೀಲ ಕೈಗವಸು. ಇವೂ ಕರಗುತ್ತವಾ?"
ನಾನು ನಕ್ಕೆ. ಅವಳು ನಗಲಿಲ್ಲ.

ಅವತ್ತಿನಿಂದ ಎಣಿಸತೊಡಗಿದೆ,
ನೋಟ್‌ಬುಕ್ಕಿನ ಕೊನೆಯ ಹಾಳೆಯಿಂದ ಹಿಂದಕ್ಕೆ,
ನಾಲ್ಕು ಗೀಟು, ಅಡ್ಡ ಒಂದು, ನಾಲ್ಕು ಗೀಟು, ಅಡ್ಡ ಒಂದು,
ಹಾಲಿನವಳ ಗೋಡೆಯ ಲೆಕ್ಕದ ಹಾಗೆ.
ಹನ್ನೊಂದು ತಿಂಗಳಿಗೆ ನಾಲ್ಕು ಸಾವಿರದ ಇನ್ನೂರ ಆರು.
ಹದಿನೈದು ಕಿಲೋ.
ನಾನು ಮಾಡಿದ ಪ್ಲಾಸ್ಟಿಕ್ಕು, ಕೆಟ್ಟಿದ್ದೂ ಸೇರಿ, ಮೂವತ್ತೊಂದು ಗ್ರಾಮು.

ಮಾರ್ಗದರ್ಶಕಿ ಹೆಸ್ಟರ್ ಪ್ರುಯೆಟ್ ಓದಿ, ಕನ್ನಡಕ ತೆಗೆದರು.
"ಒಳ್ಳೆಯ ಲೆಕ್ಕ. ಆದರೆ ಗಡಿಯ ಆಚೆಯದು."
ಬಿಳಿ ಹಲಗೆಯ ಮೇಲೆ ಚುಕ್ಕೆಗೆರೆಯ ಚೌಕ ಬರೆದರು:
ಒಳಗೆ ಕಿತ್ತಳೆ, ದ್ರಾವಕ, ವಿದ್ಯುತ್ತು, ಲಾರಿ, ಮಣ್ಣು.
ಹೊರಗೆ ಕೈ.
ಎಲ್ಲರೂ ಅಲ್ಲೇ ಎಳೆಯುತ್ತಾರೆ, ಹೋಲಿಸಲು ಸುಲಭ ಎಂದರು.
ಅದು ಸುಳ್ಳೇನಲ್ಲ.

ಶನಿವಾರ ಓವನ್ ಕೊಟ್ಟ ಟಿಕೆಟ್ಟು ಹಿಡಿದು
ಬೆಟ್ಟ ಇಳಿದು ರೋಮನ್ನರ ಬಿಸಿನೀರಿನ ಕೊಳಕ್ಕೆ ಹೋದೆ.
ಗಾಜಿನ ಹಿಂದೆ ಸೀಸದ ತಗಡು, ತಗಡಿನ ಮೇಲೆ ಶಾಪ.
ಅಂದು ಯಾರೋ ಒಬ್ಬ ಎರಡು ಕೈಗವಸು ಕಳೆದುಕೊಂಡಿದ್ದ.
ಕದ್ದವನ ಬುದ್ಧಿ ಕೆಡಲಿ, ಕಣ್ಣು ಇಂಗಲಿ ಎಂದು ಗೀಚಿ
ಬುಗ್ಗೆಯ ದೇವಿಗೆ ಎಸೆದಿದ್ದ.
ಎರಡೇ ಎರಡು.
ಆ ಕೈಗವಸು ಎಂದೋ ಕರಗಿತು. ತೊಟ್ಟ ಕೈ, ಕದ್ದ ಕೈ, ಅವೂ.
ಶಾಪ ಮಾತ್ರ ಓದುವಷ್ಟು ಚೆನ್ನಾಗಿದೆ.
ನಿಂತೇ ಇದ್ದೆ.
ಹಿಂದೆ ಯಾರೋ ಪ್ರವಾಸಿ ಗಂಟಲು ಸರಿಮಾಡಿಕೊಂಡ.

ಸೋಮವಾರ ಚುಕ್ಕೆಗೆರೆಯನ್ನು ಒಂದು ಗೇಣು ಆಚೆ ಸರಿಸಿದೆ.
ನನ್ನ ಕಂಬ ಪೆಟ್ರೋಲಿನ ಕಂಬವನ್ನು ದಾಟಿ
ಹಾಳೆ ಸಾಲದೆ ಮೇಲೆ ಹೋಯಿತು.
ಹೆಸ್ಟರ್ ತುಂಬ ಹೊತ್ತು ಅದನ್ನೇ ನೋಡಿದರು.
"ಹಾಕು," ಎಂದರು, "ಅನುಬಂಧದಲ್ಲಿ."
ಬಾಗಿಲ ಹತ್ತಿರ ಹೋಗಿ ತಿರುಗಿದರು: "ಬೇಡ. ಮೂರನೆಯ ಅಧ್ಯಾಯದಲ್ಲೇ ಇರಲಿ."

ಇವತ್ತು ಗಾಜಿನಮನೆಯ ಹಿಂದೆ ಏಳನೆಯ ತುಂಡು ಅಗೆದೆ.
ನೂರಾ ಎಂಬತ್ತು ದಿನ. ಕರಗಿಲ್ಲ.
ಆದರೆ ಕೂದಲಷ್ಟು ಸಣ್ಣ ಬೇರೊಂದು
ನಟ್ಟನಡುವೆ ತೂರಿ ಆಚೆ ಬಂದಿತ್ತು, ಯಾರ ಅಪ್ಪಣೆಯೂ ಇಲ್ಲದೆ.
ತೂಕದಲ್ಲಿ ನಾಲ್ಕು ಮಿಲಿಗ್ರಾಂ ಕಡಿಮೆ.
ಅಲ್ಲೇ ಕುಕ್ಕರಗಾಲಲ್ಲಿ ಕೂತು ಬರೆದುಕೊಂಡೆ,
ಬರಿಗೈ, ಉಗುರಲ್ಲಿ ಮಣ್ಣು.
ಕೊನೆಯ ಹಾಳೆಯಲ್ಲಿ ಇವತ್ತು ಗೀಟು ಇಲ್ಲ.